ಕ್ಯಾಂಟೀನಿನ ವಿದೇಶಾಂಗ ಸಚಿವರು

ರಾಜ್ಯದ ಯಾವ ಪದವಿ ಕಾಲೇಜಿಗೆ ಹೋದರೂ ಈತ ಸಿಗುತ್ತಾನೆ. ಊರು ಬೇರೆ, ಸೆಮಿಸ್ಟರ್ ಬೇರೆ, ಅಂಗಿಯ ಬಣ್ಣ ಬೇರೆ; ಅಭಿಪ್ರಾಯದ ಗಾತ್ರ ಮಾತ್ರ ಒಂದೇ. ಬಿ.ಎ. ಮೂರನೇ ಸೆಮಿಸ್ಟರ್ ಎಂದಿಟ್ಟುಕೊಳ್ಳಿ. ಮೊದಲ ಸೆಮಿಸ್ಟರಿನ ಅರ್ಥಶಾಸ್ತ್ರ ಇನ್ನೂ ಬಾಕಿಯಿದೆ, ಆದರೆ ಟ್ರಂಪ್ ಸುಂಕ ಏರಿಸಿದರೆ ರೂಪಾಯಿ ಏನಾಗುತ್ತದೆ ಎಂಬ ವಿಷಯದಲ್ಲಿ ಈತನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವೇನಿದ್ದರೂ ರಿಸರ್ವ್ ಬ್ಯಾಂಕಿನವರಿಗೆ. ಬೆಳಿಗ್ಗೆ ಎಂಟರ ಸರ್ಕಾರಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದೇ ಕಾಲೂರಿ ಕಾಲೇಜು ಸೇರುವುದು, ಮೊದಲ ಪೀರಿಯಡ್ಡಿನಲ್ಲಿ ‘ಪ್ರೆಸೆಂಟ್ ಸರ್’ ಎಂದು ಕೂಗಿ, ಸರ್ ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂಬಾಗಿಲಿನಿಂದ ಜಾರಿಕೊಳ್ಳುವುದು, ಅಲ್ಲಿಂದ ಮಧ್ಯಾಹ್ನದವರೆಗೆ ಕ್ಯಾಂಟೀನು. ಕೈಯಲ್ಲಿ ಮೂಲೆ ಒಡೆದ ಫೋನು. ಅದರ ಹಿಂದಿನ ಪಾರದರ್ಶಕ ಕವರಿನೊಳಗೆ ಬಸ್ ಪಾಸು, ನಾಲ್ಕಾಗಿ ಮಡಚಿದ ಇಪ್ಪತ್ತರ ನೋಟು, ಅಮ್ಮ ತುರುಕಿದ ರಾಘವೇಂದ್ರ ಸ್ವಾಮಿಗಳ ಸಣ್ಣ ಪಟ. ಫೋನಿನ ಮುಂಬದಿಯಲ್ಲಿ ಇಡೀ ಜಗತ್ತು, ಹಿಂಬದಿಯಲ್ಲಿ ಈತನ ಬದುಕು. ಮುಂಬದಿಯ ಬಗ್ಗೆ ಇಷ್ಟು ಮಾತಾಡುವವನು ಹಿಂಬದಿಯ ಬಗ್ಗೆ ಏಕೆ ಬಾಯಿ ಬಿಡುವುದಿಲ್ಲ ಎಂಬುದೇ ನನ್ನ ಪ್ರಶ್ನೆ.

ಉಳಿದ ವಿಷಯಗಳಲ್ಲಿ ಈತನನ್ನು ಹೇಗೋ ಸಹಿಸಬಹುದು. ಗೆಳೆಯನ ಬೈಕಿಗೆ ತನ್ನ ಹೆಸರಿನ ಸ್ಟಿಕರ್ ಅಂಟಿಸುವುದು, ಅಸೈನ್‌ಮೆಂಟನ್ನು ಚಾಟ್‌ಜಿಪಿಟಿಯಿಂದ ಬರೆಸಿ ಕೊನೆಯಲ್ಲಿ ಅದು ಕೇಳಿದ ‘ಇನ್ನೇನಾದರೂ ಸಹಾಯ ಬೇಕೇ’ ಎಂಬುದನ್ನೂ ನಕಲು ಮಾಡಿ ಒಪ್ಪಿಸುವುದು, ಇವೆಲ್ಲ ವಯಸ್ಸಿನ ತಪ್ಪುಗಳು. ಸಹಿಸಲಾಗದ್ದು ಈತನ ಭೂಪಟ. ಉಕ್ರೇನ್ ಯುದ್ಧ ವಿವರಿಸಲು ಹೊರಟನೆಂದರೆ ಮೇಜಿನ ಮೇಲಿರುವುದೆಲ್ಲ ದೇಶವಾಗುತ್ತದೆ. ನೀರಿನ ಜಗ್ಗು ರಷ್ಯಾ, ಸಕ್ಕರೆ ಡಬ್ಬಿ ಉಕ್ರೇನ್, ಚಟ್ನಿ ಬಟ್ಟಲು ಕಪ್ಪು ಸಮುದ್ರ, ಪಕ್ಕದವನ ತಟ್ಟೆಯಲ್ಲಿರುವ ಉದ್ದಿನ ವಡೆ ಕ್ರಿಮಿಯಾ. ಅದೇ ಪಕ್ಕದವನ ಟೀ ಲೋಟ ಪೋಲೆಂಡ್ ಆಗಿಬಿಡುವುದರಿಂದ ಪಾಪ, ಅವನು ಅದನ್ನು ಎತ್ತುವಂತಿಲ್ಲ; ಎತ್ತಿದರೆ ನೇಟೊ ಯುದ್ಧಕ್ಕಿಳಿದ ಹಾಗೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದ್ದು ಹೇಗೆಂದು ತೋರಿಸಲು ನಮ್ಮ ಸಚಿವರು ವಡೆಯನ್ನೇ ಎತ್ತಿ, ಕಪ್ಪು ಸಮುದ್ರದಲ್ಲಿ ಅದ್ದಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ವಡೆಯ ಒಡೆಯ ಆಕ್ಷೇಪಿಸಿದರೆ, ‘ವಿಶ್ವಸಂಸ್ಥೇನೂ ಹಿಂಗೇ ಅಂತು ಮಗಾ, ಏನಾಯ್ತು?’ ಎಂಬ ಉತ್ತರ ಸಿದ್ಧ. ಕತೆ 2022ರ ಫೆಬ್ರವರಿಗೆ ಬರುವ ಹೊತ್ತಿಗೆ ಜಗ್ಗು ವಾಲಿ ಮೇಜೆಲ್ಲ ನೀರು, ಟೀ ತಣ್ಣಗೆ, ಎರಡನೇ ಪೀರಿಯಡ್ಡೂ ಮುಗಿದಿರುತ್ತದೆ. ಆಮೇಲೆ ಕ್ಯಾಂಟೀನಿನವರು ವಡೆಗೆ ಐದು ರೂಪಾಯಿ ಜಾಸ್ತಿಯಾಗಿದೆ ಎನ್ನುತ್ತಾರೆ. ಇಲ್ಲಿ ನೋಡಬೇಕು. ಗಂಟೆಗಟ್ಟಲೆ ಪುಟಿನ್ ಜೊತೆ ಜಗಳವಾಡಿದವನು ಐದು ರೂಪಾಯಿಗೆ ತಕರಾರೆತ್ತುವುದಿಲ್ಲ. ಬದಲಿಗೆ, ‘ಸೂರ್ಯಕಾಂತಿ ಎಣ್ಣೆ ಉಕ್ರೇನಿಂದ ಬರಬೇಕಲ್ವಾ ಅಣ್ಣಾ’ ಎಂದು ಅವರ ಪರವಾಗಿಯೇ ವಾದಿಸಿ ದುಡ್ಡು ಕೊಡುತ್ತಾನೆ. ವಡೆ ಕರಿದದ್ದು ಪಾಮ್ ಎಣ್ಣೆಯಲ್ಲಿ.

ಇದನ್ನು ಕಂಡ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಪು ಕೊಡುತ್ತಾರೆ: ಮೊಬೈಲು ಇವರನ್ನು ಹಾಳು ಮಾಡಿತು, ಇಲ್ಲವೇ ಈ ಕಾಲದ ಹುಡುಗರಿಗೆ ಗಂಭೀರತೆಯೇ ಇಲ್ಲ. ಎರಡೂ ನಿಲ್ಲುವ ಮಾತಲ್ಲ. ಗಂಭೀರತೆ ಇಲ್ಲದವನು ಕಪ್ಪು ಸಮುದ್ರ ಎಲ್ಲಿದೆ ಎಂದು ತಿಳಿದುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಇನ್ನು ಮೊಬೈಲಿನ ಮಾತು. ಅದರಲ್ಲಿ ಕೀವ್ ಸಿಗುವಷ್ಟೇ ಸುಲಭವಾಗಿ ತಾಲ್ಲೂಕು ಕಚೇರಿಯ ಸುದ್ದಿಯೂ ಸಿಗುತ್ತದೆ. ಈತ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದೇ ವಿಷಯ. ಈತನ ಪದವಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021-22ರಲ್ಲಿ ಪದವಿಗೆ ನಾಲ್ಕನೇ ವರ್ಷ ಸೇರಿಕೊಂಡಿತು. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿಯ ಆಯೋಗ ಬಂತು, 2024-25ರಿಂದ ಪದವಿ ಮತ್ತೆ ಮೂರೇ ವರ್ಷ. ಹೀಗೆ ಒಂದೇ ಕಾರಿಡಾರಿನಲ್ಲಿ ಸೀನಿಯರುಗಳು ಎನ್‌ಇಪಿ, ಜೂನಿಯರುಗಳು ಎಸ್‌ಇಪಿ ಆಗಿ ಅಡ್ಡಾಡಿದರು. ಸಿಲೆಬಸ್ ಬೇರೆ, ಲೆಕ್ಕ ಬೇರೆ. ಇಷ್ಟು ದೊಡ್ಡ ಪಲ್ಲಟ ತನ್ನ ಮೇಲೆಯೇ ಆಗಿ ಹೋದರೂ ಈತ ಅದರ ಬಗ್ಗೆ ಆಡುವುದು ಒಂದೇ ಮಾತು: ‘ಏನೋ ಮಾಡವ್ರೆ ಗುರು.’ ಅಮೆರಿಕದ ವೀಸಾ ನೀತಿ ಬದಲಾದರೆ ಮಾತ್ರ ಒಂದು ಗಂಟೆಯ ಉಪನ್ಯಾಸ.

ಕಾರಣ ಸರಳ, ಮತ್ತು ಅದು ಈತನ ಮೂರ್ಖತನವನ್ನಲ್ಲ, ಬುದ್ಧಿವಂತಿಕೆಯನ್ನೇ ತೋರಿಸುತ್ತದೆ ಎಂಬುದು ನನ್ನ ವಾದ. ದೂರದ ಅಭಿಪ್ರಾಯಕ್ಕೆ ಖರ್ಚಿಲ್ಲ. ಹತ್ತಿರದ ಅಭಿಪ್ರಾಯ ದುಬಾರಿ. ಟ್ರಂಪ್ ಇಂಟರ್ನಲ್ ಅಂಕ ಹಾಕುವುದಿಲ್ಲ. ಪುಟಿನ್ ಹಾಲ್ ಟಿಕೆಟ್ ತಡೆಹಿಡಿಯುವುದಿಲ್ಲ. ನೆತನ್ಯಾಹು ಮನೆಗೆ ಫೋನ್ ಮಾಡಿ ‘ನಿಮ್ಮ ಹುಡುಗ ಸ್ವಲ್ಪ ಜಾಸ್ತಿ ಮಾತಾಡ್ತಾನೆ’ ಎನ್ನುವುದಿಲ್ಲ. ಲೈಬ್ರರಿ ಮೂರಕ್ಕೇ ಏಕೆ ಮುಚ್ಚುತ್ತದೆ, ಫೀಸು ಕಟ್ಟಿದ ರಸೀದಿಯಲ್ಲಿರುವ ‘ಇತರೆ’ ಎಂದರೇನು, ವಿದ್ಯಾರ್ಥಿವೇತನದ ಅರ್ಜಿ ಯಾರ ಮೇಜಿನಲ್ಲಿ ನಿಂತಿದೆ ಎಂದು ಕೇಳಿದರೆ ಇದೆಲ್ಲ ಆಗುವ ಸಾಧ್ಯತೆಯಿದೆ. ಆದ್ದರಿಂದ ಕೇಳುವ ಚಟ ತೀರಿಸಿಕೊಳ್ಳಲು ಈತ ಏಳು ಸಮುದ್ರದಾಚೆ ಹೋಗುತ್ತಾನೆ. ದೂರದ ಬೆಟ್ಟ ಕಣ್ಣಿಗೆ ಮಾತ್ರವಲ್ಲ, ನಾಲಗೆಗೂ ನುಣ್ಣಗೆ. ಇದು ಹುಡುಗರ ಕಾಯಿಲೆ ಮಾತ್ರವೂ ಅಲ್ಲವೆನ್ನಿ. ತಮ್ಮ ಬೀದಿಯ ಮೋರಿಯ ಬಗ್ಗೆ ವಾರ್ಡ್ ಸದಸ್ಯರನ್ನು ಒಂದು ಮಾತು ಕೇಳದೆ, ಎಲ್ಲೋ ಕುಳಿತು ಇಡೀ ಯುವಜನಾಂಗದ ಬಗ್ಗೆ ಪುಟಗಟ್ಟಲೆ ಬರೆಯುವ ಮಹನೀಯರೂ ಇದ್ದಾರೆ. ಇಂಥ ಲೇಖನಕ್ಕೂ ಖರ್ಚು ಕಡಿಮೆ.

ದೂರದ್ದು ಹತ್ತಿರ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದವನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗ. ಅಂದು ಉಕ್ರೇನ್ ಯಾವ ಕನ್ನಡಿಗನಿಗೂ ದೂರದ ದೇಶವಾಗಿರಲಿಲ್ಲ. ಆದರೆ ಆ ಸಾವಿನೊಳಗಿದ್ದ ಹತ್ತಿರದ ಪ್ರಶ್ನೆ ಏನು? ನಮ್ಮ ಮಕ್ಕಳು ಡಾಕ್ಟರಾಗಲು ಅಷ್ಟು ದೂರ ಏಕೆ ಹೋಗಬೇಕಾಯಿತು, ಇಲ್ಲಿ ಸೀಟು ಎಷ್ಟು, ಖಾಸಗಿ ಕಾಲೇಜಿನ ಶುಲ್ಕ ಎಷ್ಟು ಎಂಬುದು. ಸಕ್ಕರೆ ಡಬ್ಬಿ ಮತ್ತು ಜಗ್ಗಿನ ಯುದ್ಧದಲ್ಲಿ ಆ ಪ್ರಶ್ನೆಗೆ ಮೇಜಿನ ಮೇಲೆ ಜಾಗವೇ ಸಿಗುವುದಿಲ್ಲ. ಅಲ್ಲಿ ಟ್ಯಾಂಕುಗಳು ಬಂದಿರುತ್ತವೆ. ಢಾಕಾ, ಕಠ್ಮಂಡುಗಳ ಮಾತೂ ಅಷ್ಟೇ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟದ್ದನ್ನೂ, 2025ರ ಸೆಪ್ಟೆಂಬರಿನಲ್ಲಿ ನೇಪಾಳದ ಓಲಿ ರಾಜೀನಾಮೆ ಕೊಟ್ಟದ್ದನ್ನೂ ವರ್ಣಿಸುವಾಗ ಈತನ ಕಣ್ಣು ಹೊಳೆಯುತ್ತದೆ. ಆದರೆ ಬಾಂಗ್ಲಾದ ಹುಡುಗರು ಎದ್ದದ್ದು ತಮ್ಮದೇ ಸರ್ಕಾರಿ ನೌಕರಿಯ ಮೀಸಲಾತಿ ವಿಚಾರಕ್ಕೆ, ನೇಪಾಳದವರು ತಮ್ಮ ಕೈಯಲ್ಲಿದ್ದ ಫೋನಿನ ಆ್ಯಪುಗಳನ್ನು ಸರ್ಕಾರ ನಿಷೇಧಿಸಿದ್ದಕ್ಕೆ. ನಮ್ಮಲ್ಲೇ ಇನ್ನೂ ಒಳ್ಳೆಯ ಉದಾಹರಣೆಯಿದೆ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಗಲಾಟೆ ಎಬ್ಬಿಸಿದ್ದು ಹಾಸ್ಟೆಲಿನ ಊಟದ ಬಿಲ್ಲು ಏರಿತೆಂದು. ಅದು ನವನಿರ್ಮಾಣ ಚಳವಳಿಯಾಗಿ, 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮಣಭಾಯಿ ಪಟೇಲರ ಕುರ್ಚಿಯನ್ನೇ ಉರುಳಿಸಿತು. ಅವರು ಮೆಸ್ಸಿನ ಬಿಲ್ಲನ್ನು ಹಿಡಿದು ಗಾಂಧಿನಗರಕ್ಕೆ ಹೋದರು. ನಮ್ಮವನು ಕೀವ್ ಸುತ್ತಿ ಬಂದು ವಡೆಯ ಬಿಲ್ಲನ್ನು ತಲೆಬಗ್ಗಿಸಿ ಕಟ್ಟುತ್ತಾನೆ. ಸರ್ಕಾರ ಬೀಳಬೇಕೆಂದು ನಾನು ಹೇಳುತ್ತಿಲ್ಲ. ಐದು ರೂಪಾಯಿ ಇಳಿದರೂ ಸಾಕಿತ್ತು.

ಹುಡುಗರು ಹತ್ತಿರದ್ದಕ್ಕೆ ಹೋರಾಡುವುದೇ ಇಲ್ಲವೆಂದರೆ ಅನ್ಯಾಯವಾದೀತು. ಬಸ್ಸಿನ ವಿಷಯಕ್ಕೆ ಹೋರಾಡುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳು ರಸ್ತೆಗೆ ಅಡ್ಡ ಕುಳಿತು ಬಸ್ ತಡೆಯುವುದು ಪತ್ರಿಕೆಯ ಜಿಲ್ಲಾ ಪುಟದ ಕಾಯಂ ಸುದ್ದಿ. ಡಿಪೊ ಮ್ಯಾನೇಜರ್ ಬರುತ್ತಾರೆ, ಪೊಲೀಸರು ಬರುತ್ತಾರೆ, ಒಂದು ಟ್ರಿಪ್ ಹೆಚ್ಚಿಗೆ ಬಿಡುವ ಭರವಸೆ ಸಿಗುತ್ತದೆ. ಎಷ್ಟೋ ಕಡೆ ಬಸ್ಸೂ ಬಂದಿದೆ. ಈ ಧರಣಿಗಳ ಮುಂದಿನ ಸಾಲಿನಲ್ಲಿ ಹೆಚ್ಚಾಗಿ ಕಾಣುವವರು ಹುಡುಗಿಯರು ಎಂಬುದನ್ನು ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ನಿಲ್ಲದೆ ಹೋದ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಹೇಗೆ ಮಾಡುವುದು? ಸಂಜೆ ಕತ್ತಲಾಗುವುದರೊಳಗೆ ಮನೆ ಮುಟ್ಟದಿದ್ದರೆ ಓದನ್ನೇ ಬಿಡಿಸಿಬಿಡುವ ಭಯವಿರುವವಳಿಗೆ ಹತ್ತಿರದ ಪ್ರಶ್ನೆಯನ್ನು ಮುಂದಕ್ಕೆ ಹಾಕುವ ಸೌಲಭ್ಯವಿಲ್ಲ. ಕೊನೆಯ ಬಸ್ ತಪ್ಪಿದರೂ ಗೆಳೆಯನ ಬೈಕಿನ ಹಿಂದೆ ಕೂರಬಲ್ಲವನಿಗೆ ಆ ಸೌಲಭ್ಯವಿದೆ. ಕ್ಯಾಂಟೀನಿನ ವಿದೇಶಾಂಗ ಖಾತೆ ಬಹುಮಟ್ಟಿಗೆ ಗಂಡುಮಕ್ಕಳ ಕೈಯಲ್ಲೇ ಉಳಿದಿರುವುದು ಇದಕ್ಕೇ ಇರಬೇಕು.

ಎಷ್ಟು ಬೈದರೂ ಈತನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ; ಮುಂದೆ ಈತ ಏನಾಗುತ್ತಾನೆ ಎಂಬುದು ಗೊತ್ತಿರುವುದರಿಂದ. ಪದವಿ ಮುಗಿದ ಮೇಲೆ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೇರಿ, ದಿನಕ್ಕೆ ಹನ್ನೆರಡು ಗಂಟೆ ರೀಡಿಂಗ್ ರೂಮಿನ ಕುರ್ಚಿಯಲ್ಲಿ ಕೂರುತ್ತಾನೆ. ಆಗ ಪ್ರಚಲಿತ ವಿದ್ಯಮಾನ ಎಂಬುದು ಅಭಿಪ್ರಾಯದ ವಿಷಯವಾಗಿ ಉಳಿಯುವುದಿಲ್ಲ, ಅಂಕದ ವಿಷಯವಾಗುತ್ತದೆ. ಕ್ರಿಮಿಯಾವನ್ನು ಚಟ್ನಿಯಲ್ಲಿ ಅದ್ದಿದ ಧೀರ ಈಗ ‘ಕ್ರಿಮಿಯಾ: ಕಪ್ಪು ಸಮುದ್ರ, 2014’ ಎಂದು ಒಂದು ಸಾಲಿನಲ್ಲಿ ಬರೆದುಕೊಂಡು ಕಣ್ಣು ಮುಚ್ಚಿ ಉರು ಹೊಡೆಯುತ್ತಾನೆ. ಯಾರು ಸರಿ, ಯಾರು ತಪ್ಪು ಎಂಬುದಕ್ಕೆ ನಾಲ್ಕು ಆಯ್ಕೆಗಳಲ್ಲಿ ಜಾಗವಿಲ್ಲ. ಹತ್ತಿರದ ಪ್ರಶ್ನೆಗಳು ಇಲ್ಲಿಯೇ ಬಂದು ಈತನ ಕುತ್ತಿಗೆ ಹಿಡಿಯುತ್ತವೆ. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು, ಅದರಲ್ಲೂ ಅದೇ ದೂರು. ಜಗತ್ತಿನ ಎಲ್ಲ ಭಾಷೆಯ ಜಗಳ ಬಲ್ಲವನು ತನ್ನ ಭಾಷೆಯ ಪ್ರಶ್ನೆಯೇ ಅರ್ಥವಾಗದೆ ಅಂಕ ಕಳೆದುಕೊಂಡ. ಆಗ ಬೀದಿಗೂ ಇಳಿದ, ಘೋಷಣೆಯನ್ನೂ ಕೂಗಿದ. ಆದರೆ ಅಷ್ಟರಲ್ಲಿ ವಯಸ್ಸು ಇಪ್ಪತ್ತೆಂಟು ದಾಟಿತ್ತು. ಹತ್ತಿರದ ವಿಷಯ ಮಾತಾಡುವುದನ್ನು ಹತ್ತು ವರ್ಷ ಮೊದಲೇ ಕಲಿಯುವ ಅವಕಾಶವನ್ನು ಯಾರೂ ಈತನಿಗೆ ಕೊಟ್ಟಿರಲಿಲ್ಲ.

ಕೊಡದಿದ್ದುದಷ್ಟೇ ಅಲ್ಲ, ಇದ್ದುದನ್ನೂ ಕಿತ್ತುಕೊಂಡೆವು. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ಅಂದರೆ ಹದಿನೆಂಟರ ಹುಡುಗ ಪ್ರಧಾನಿಯನ್ನು ಆರಿಸಬಹುದು, ತನ್ನ ಕ್ಯಾಂಟೀನಿನ ದರ ಕೇಳುವ ಕಾರ್ಯದರ್ಶಿಯನ್ನು ಆರಿಸುವಂತಿಲ್ಲ. ಕ್ಲಾಸಿಗೆ ಸಿಆರ್, ಅಂದರೆ ತರಗತಿ ಪ್ರತಿನಿಧಿ, ಇರುತ್ತಾನಲ್ಲ ಎಂದರೆ, ಸಾಮಾನ್ಯವಾಗಿ ಹೆಚ್ಚು ಅಂಕ ತೆಗೆದವನನ್ನು ಲೆಕ್ಚರರೇ ಹೆಸರಿಸುತ್ತಾರೆ. ಅವನ ಕೆಲಸ ಹಾಜರಿ ಪುಸ್ತಕ ಹೊರುವುದು. ಚುನಾವಣೆ ಎಂದರೆ ಹೊಡೆದಾಟ, ಜಾತಿ, ಪಕ್ಷಗಳ ದುಡ್ಡು ಎಂಬ ಆಕ್ಷೇಪ ಸುಳ್ಳಲ್ಲ. ನಿಲ್ಲಿಸಿದ್ದೂ ಗಲಾಟೆಯ ಕಾರಣಕ್ಕೇ. ಆದರೆ ನಿಲ್ಲಿಸಿದ್ದರಿಂದ ಜಾತಿಯೂ ಪಕ್ಷವೂ ಕ್ಯಾಂಪಸ್ ಬಿಟ್ಟು ಹೋದವೇ? ಅವು ಹಾಗೇ ಇವೆ, ಮತಪೆಟ್ಟಿಗೆಯೊಂದೇ ಹೋಯಿತು. ಕೆಟ್ಟದ್ದನ್ನು ತಿದ್ದುವ ದಾರಿಯೂ ಇದೆ. 2024ರ ಸೆಪ್ಟೆಂಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆ ನಡೆದಾಗ ಗೋಡೆ ತುಂಬ ಪೋಸ್ಟರು. ಗೋಡೆ ಸ್ವಚ್ಛವಾಗುವವರೆಗೆ ಮತ ಎಣಿಸಕೂಡದೆಂದು ಹೈಕೋರ್ಟ್ ತಡೆಯಿತು, ಫಲಿತಾಂಶ ಬಂದದ್ದು ನವೆಂಬರಿನಲ್ಲಿ. ಮಾಡಿದ ಹೊಲಸನ್ನು ತಾನೇ ತೊಳೆಯಬೇಕು ಎಂಬ ಪಾಠ ಯಾವ ಸಿಲೆಬಸ್ಸಿನಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ.

ಈಗ ಚುನಾವಣೆಯನ್ನು ಮತ್ತೆ ತರುವ ಮಾತು ಸರ್ಕಾರದಲ್ಲಿಯೂ ಕೇಳಿಬರುತ್ತಿದೆ. ಹೊಸದಾಗಿ ನಿಯಮ ಹುಡುಕುವ ಕಷ್ಟವಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿದ ಲಿಂಗ್ಡೊ ಸಮಿತಿಯ ಶಿಫಾರಸುಗಳೇ ಇವೆ: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಕೂಡದು, ಹಾಜರಿ ಕನಿಷ್ಠ ಶೇ. 75 ಇರಬೇಕು, ಬಾಕಿ ಉಳಿದ ಪೇಪರುಗಳಿರಕೂಡದು. ಕೊನೆಯ ಎರಡು ಷರತ್ತುಗಳಿಂದಾಗಿ ನಮ್ಮ ಸಚಿವರು ನಾಮಪತ್ರದ ಮೇಜಿನವರೆಗೂ ತಲುಪುವುದಿಲ್ಲ. ಸಂಬಂಧಪಟ್ಟವರು ದಯವಿಟ್ಟು ಬೇಗ ಚುನಾವಣೆ ಘೋಷಿಸಬೇಕು. ಕಡೇಪಕ್ಷ ಆ ಅರ್ಥಶಾಸ್ತ್ರದ ಪೇಪರನ್ನಾದರೂ ಈತ ಈ ಸಲ ಪಾಸು ಮಾಡಿಕೊಳ್ಳುತ್ತಾನೆ.