ಸೀಲಿಲ್ಲದ ಫಾರಿನ್ನು

ಕುಂದಾಪುರದಿಂದ ಬೈಂದೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿರುವ ತಲ್ಲೂರಿನಲ್ಲಿ ವಿದೇಶ ಪ್ರಯಾಣವನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುವ ವಾಡಿಕೆಯಿದ್ದು, ಕಂಪನಿಯವರು ಟಿಕೆಟ್ ಕೊಟ್ಟು ಕರೆಸಿಕೊಳ್ಳುವ ಗಲ್ಫ್ ಪ್ರಯಾಣ ಮೊದಲನೆಯದೆಂದೂ, ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಮಕ್ಕಳು ಟಿಕೆಟ್ ಕಳಿಸಿ ಕರೆಸಿಕೊಳ್ಳುವ ಅಮೆರಿಕ ಪ್ರಯಾಣ ಎರಡನೆಯದೆಂದೂ ಪರಿಗಣಿತವಾಗಿವೆ. ಎರಡರಲ್ಲೂ ಟಿಕೆಟ್ಟಿನ ಹಣ ಬೇರೆಯವರದ್ದೆಂಬುದು ಗಮನಾರ್ಹ. ಯಾವ ಕೆಲಸವೂ ಇಲ್ಲದೆ, ಸ್ವಂತ ಹಣ ಖರ್ಚು ಮಾಡಿ, ಬರೇ ನೋಡಿ ಬರಲೆಂದು ಪರದೇಶಕ್ಕೆ ಹೊರಡುವವನ ವಿಷಯದಲ್ಲಿ ಊರಿನ ವಿದ್ವಾಂಸರು ಒಂದೋ ಅವನಿಗೆ ಹಣ ಹೆಚ್ಚಾಗಿದೆ, ಇಲ್ಲವೇ ತಲೆ ಕೆಟ್ಟಿದೆ ಎಂಬ ಎರಡೇ ಕಾರಣಗಳನ್ನು ಒಪ್ಪುತ್ತಾರೆ. ಹಣ ಹೆಚ್ಚಾಗದೆಯೇ ತಲೆ ಕೆಡಿಸಿಕೊಳ್ಳಲು ಅನುವು ಮಾಡಿಕೊಡುವ ಆಧುನಿಕ ವ್ಯವಸ್ಥೆಗೆ ಬಜೆಟ್ ಪ್ರವಾಸ ಎಂದು ಹೆಸರು.

ಈ ಸೀಮೆಗೆ ಪ್ರವಾಸ ಸಾಹಿತ್ಯದ ಹಿರಿಮೆ ಇಲ್ಲವೆನ್ನುವಂತಿಲ್ಲ. ತಲ್ಲೂರಿಗೆ ಹೆಚ್ಚು ದೂರವಲ್ಲದ ಕೋಟದ ಶಿವರಾಮ ಕಾರಂತರು ಯುರೋಪು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದಿದ್ದಾರೆ. ಹೋದ ಖರ್ಚನ್ನು ಗ್ರಂಥರೂಪದಲ್ಲಿ ಸಾರ್ಥಕಗೊಳಿಸುವ ಶಕ್ತಿ ದೊಡ್ಡವರಿಗೆ ಇರುತ್ತದೆ. ಸಣ್ಣವರು ಲಲಿತ ಪ್ರಬಂಧಕ್ಕೆ ತೃಪ್ತರಾಗಬೇಕಾಗುತ್ತದೆ. ಇಲ್ಲಿ ಅಧ್ಯಯನಕ್ಕೆ ಒಳಪಡಿಸಲಾಗಿರುವ ತಲ್ಲೂರಿನ ಯಾತ್ರಿಕನು ಪ್ರಬಂಧಕಾರನಿಗಿಂತ ತೀರ ಬೇರೆಯ ವ್ಯಕ್ತಿಯೆಂದು ಓದುಗರು ದಯವಿಟ್ಟು ನಂಬಬೇಕಾಗಿ ವಿನಂತಿ.

ಯಾತ್ರಿಕನು ಮೊದಲಿಗೆ ಪಾಸ್‌ಪೋರ್ಟ್ ಮಾಡಿಸಿಕೊಂಡನು. ಸಾಮಾನ್ಯ ದರ್ಜೆಯ 36 ಪುಟಗಳ ಪಾಸ್‌ಪೋರ್ಟಿಗೆ 1500 ರೂಪಾಯಿ ಶುಲ್ಕವಿದ್ದು, ಪುಟವೊಂದಕ್ಕೆ ಸುಮಾರು ನಲವತ್ತೆರಡು ರೂಪಾಯಿ ಬೀಳುತ್ತದೆಂದೂ, ಪ್ರಪಂಚದಲ್ಲಿ ಇಷ್ಟು ದುಬಾರಿಯ ಖಾಲಿ ಪುಸ್ತಕ ಮತ್ತೊಂದು ಇರಲಾರದೆಂದೂ ಅವನು ಅಂದೇ ಲೆಕ್ಕ ಹಾಕಿದ್ದನು. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ವಿನಾಯಿತಿ ಜಾರಿಗೆ ತಂದಿದ್ದರಿಂದ ಆ ದಿಕ್ಕಿನಲ್ಲಿ ಅಗ್ಗದ ವಿಮಾನಗಳನ್ನು ಹುಡುಕಿದನಾದರೂ, ಅಗ್ಗದ ವಿಮಾನವೆಂದರೆ ಟಿಕೆಟ್ಟಿನ ಬೆಲೆ ಕಡಿಮೆ ತೋರಿಸಿ ಕೂರುವ ಜಾಗಕ್ಕೂ, ಏಳು ಕಿಲೋ ಮೀರಿದ ಗಂಟಿಗೂ, ಕುಡಿಯುವ ನೀರಿಗೂ ಬೇರೆ ಬೇರೆ ದುಡ್ಡು ಎಳೆಯುವ ವಾಹನವೆಂದು ತಿಳಿದು ಹಿಂದೆ ಸರಿದನು. ‘ಮೂವತ್ತು ಸಾವಿರದಲ್ಲಿ ಮೂರು ದೇಶ’ ಎಂದು ವಿಡಿಯೊ ಮಾಡಿ ಹರಿಯಬಿಡುವ ಯುವಕರ ಉಪದೇಶವನ್ನೂ ಅವನು ಆಲಿಸಿದ್ದುಂಟು. ಆ ಯುವಕರು ಎಲ್ಲಿ ಹೋದರೂ ಯಾವುದೋ ದೊಡ್ಡಪ್ಪನ ಮಗನ ಮನೆಯ ಸೋಫಾದ ಮೇಲೆ ಮಲಗುತ್ತಾರೆ, ಕೆಲಸಕ್ಕೆ ಹೋಗುವ ಆ ಮನೆಯಾಕೆ ಬೆಳಿಗ್ಗೆ ಐದಕ್ಕೆ ಎದ್ದು ಇವರಿಗೆ ದೋಸೆ ಎರೆಯುತ್ತಾಳೆ, ಆ ದೋಸೆಯ ಬೆಲೆ ಮಾತ್ರ ವಿಡಿಯೊದ ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇದನ್ನು ಬಜೆಟ್ ಪ್ರವಾಸ ಎನ್ನುವುದಕ್ಕಿಂತ ಬಿಟ್ಟಿ ಊಟ ಎನ್ನುವುದೇ ಶಾಸ್ತ್ರಸಮ್ಮತವಾದೀತು.

ಹೀಗೆ ಎಲ್ಲವನ್ನೂ ಅಳೆದು ಸುರಿದು ನೋಡಿದ ಮೇಲೆ ಉಳಿದದ್ದು ನೇಪಾಳ. ಭಾರತ ಮತ್ತು ನೇಪಾಳಗಳು 1950ರ ಜುಲೈ 31ರಂದು ಮಾಡಿಕೊಂಡ ಶಾಂತಿ ಮತ್ತು ಸ್ನೇಹ ಒಪ್ಪಂದದ ನೆರಳಿನಲ್ಲಿ ಎರಡೂ ದೇಶಗಳ ನಡುವೆ ಮುಕ್ತ ಗಡಿ, ಅಂದರೆ ಪರಸ್ಪರ ಪ್ರಜೆಗಳು ವೀಸಾದ ಹಂಗಿಲ್ಲದೆ ನಡೆದು ದಾಟಬಹುದಾದ ಗಡಿ, ಉಳಿದುಬಂದಿದೆ. ಇದಕ್ಕಿಂತ ಹೆಚ್ಚಾಗಿ ಯಾತ್ರಿಕನ ಮನಸ್ಸನ್ನು ಸೆಳೆದದ್ದು ಅಲ್ಲಿಯ ಸ್ಥಿರ ವಿನಿಮಯ ದರ. ನೂರು ಭಾರತೀಯ ರೂಪಾಯಿಗೆ ನೂರ ಅರವತ್ತು ನೇಪಾಳಿ ರೂಪಾಯಿ ಎಂಬ ಈ ದರ 1993ರಿಂದ ಕದಲಿಲ್ಲವಾದ್ದರಿಂದ, ಜೀವಮಾನದಲ್ಲಿ ಬ್ಯಾಂಕಿನ ಠೇವಣಿಯೊಂದೂ ತೋರದ ಔದಾರ್ಯವನ್ನು ಗಡಿಯಾಚೆಯ ಒಂದು ಹೆಜ್ಜೆ ತೋರುತ್ತದೆಂದು ಅವನು ರೋಮಾಂಚನಗೊಂಡನು. ನೇಪಾಳ 2018ರ ಡಿಸೆಂಬರ್‌ನಲ್ಲಿ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದ್ದ ಸಂಗತಿ ಕಿವಿಗೆ ಬಿದ್ದಿದ್ದರಿಂದ, ಇಡೀ ಪ್ರವಾಸದ ಹಣವನ್ನು ನೂರರ ನೋಟುಗಳಲ್ಲಿಯೇ ಕೂಡಿಸಿ ಅಂಗಿಯ ಒಳಜೇಬುಗಳಲ್ಲಿ ತುರುಕಿಕೊಂಡ ಪರಿಣಾಮವಾಗಿ, ಬಡ ಪ್ರವಾಸಿಯಾಗಿ ಹೊರಟವನು ನೋಟಕ್ಕೆ ತುಂಬು ಹೊಟ್ಟೆಯ ಸಾಹುಕಾರನಂತೆ ಕಂಡನು.

ದಾರಿಯ ವಿವರ ಬೇಕಾದವರಿಗೆ ಹೇಳುವುದಾದರೆ, ಕುಂದಾಪುರದಲ್ಲಿ ಮತ್ಸ್ಯಗಂಧಾ ಹತ್ತಿ ಮರುದಿನ ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದರೆ, ಅದೇ ನಿಲ್ದಾಣದಿಂದ ಕುಶೀನಗರ ಎಕ್ಸ್‌ಪ್ರೆಸ್ ಗೋರಖಪುರಕ್ಕೆ ಹೊರಡುತ್ತದೆ. ಎರಡರಲ್ಲೂ ಸ್ಲೀಪರ್ ದರ್ಜೆ, ಎಂದರೆ ಫ್ಯಾನು ಇದ್ದು ಗಾಳಿ ಇಲ್ಲದ ದರ್ಜೆ. ಗೋರಖಪುರದ 1366 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ್ದೆನಿಸಿತ್ತು. 2023ರಲ್ಲಿ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ 1507 ಮೀಟರಿನ ಪ್ಲಾಟ್‌ಫಾರ್ಮ್ ತೆರೆದು ಆ ಪಟ್ಟವನ್ನು ಕಸಿದುಕೊಂಡಿತೆಂದು ಯಾತ್ರಿಕನು ಒಬ್ಬ ಚಹಾ ಮಾರುವವನಿಗೆ ಹರಕು ಹಿಂದಿಯಲ್ಲಿ ವಿವರಿಸಿದಾಗ, ಅವನು ಚಹಾದ ದುಡ್ಡು ಕೇಳಿದನೇ ಹೊರತು ಬೇರೆ ಪ್ರತಿಕ್ರಿಯೆ ನೀಡಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಗಡಿಯೂರು ಸುನೌಲಿ. ಇಲ್ಲಿ ಪ್ರಬಂಧದ ವೇಗವನ್ನು ತಗ್ಗಿಸುವುದು ಅನಿವಾರ್ಯ. ಗಡಿಯ ಕಮಾನಿನ ಕೆಳಗೆ ಸೈಕಲ್ಲು, ರಿಕ್ಷಾ, ತಲೆಹೊರೆ, ಕಂಕುಳ ಕೂಸು ಎಲ್ಲವೂ ಕುಂದಾಪುರದ ಸಂತೆಗೆ ಹೊರಟಷ್ಟೇ ಸಲೀಸಾಗಿ ಆಚೆಗೂ ಈಚೆಗೂ ಹರಿಯುತ್ತಿದ್ದವು. ಯಾತ್ರಿಕನು ಬಲಗಾಲನ್ನು ಮುಂದಿಟ್ಟು ವಿಧ್ಯುಕ್ತವಾಗಿ ದಾಟಿದನು. ಯಾರೂ ತಡೆಯಲಿಲ್ಲ, ಯಾರೂ ಕೇಳಲಿಲ್ಲ, ಯಾರೂ ನೋಡಲಿಲ್ಲ. ನೇಪಾಳದ ಗಡಿಯಾರ ಭಾರತದ್ದಕ್ಕಿಂತ ಹದಿನೈದು ನಿಮಿಷ ಮುಂದಿರುವುದರಿಂದ ಕೈಗಡಿಯಾರದ ಮುಳ್ಳನ್ನು ತಿರುಗಿಸಿದನು. ವಿದೇಶ ತಲುಪಿದ್ದಕ್ಕೆ ಅದೊಂದೇ ಗುರುತು. ಆಗ ಅವನಿಗೆ ತಲ್ಲೂರಿನ ಬಸ್ ತಂಗುದಾಣ ನೆನಪಾಯಿತು. “ಹ್ವಾಯ್, ಫಾರಿನ್ನಿಗೆ ಹೋಯ್ ಬಂದದ್ದಾ? ಸೀಲ್ ಎಲ್ಲಿತ್ತ್, ಕಾಂಬ” ಎಂದು ಕೈ ಚಾಚುವ ಹಿರಿಯರು ಅಲ್ಲಿ ಸಂಜೆ ಹೊತ್ತು ಖಾಯಂ ಸದಸ್ಯರು. ಕೈಗಡಿಯಾರ ತೋರಿಸಿದರೆ ಒಪ್ಪುವ ಜಾತಿಯವರಲ್ಲ.

ಹೀಗಾಗಿ ಅವನು ವಲಸೆ ಕಚೇರಿಯನ್ನು ತಾನಾಗಿಯೇ ಹುಡುಕಿಕೊಂಡು ಹೋಗಿ ಸಾಲಿನಲ್ಲಿ ನಿಂತನು. ಮುಂದೆ ಬೆನ್ನುಚೀಲ ಹೊತ್ತ ಬಿಳಿಯರು ಹದಿನೈದು ದಿನಕ್ಕೆ ಮೂವತ್ತು ಡಾಲರಿನಂತೆ ಎಣಿಸಿ ಕೊಟ್ಟು, ಪಾಸ್‌ಪೋರ್ಟಿನ ಒಂದು ಇಡೀ ಪುಟ ತುಂಬುವ ವೀಸಾವನ್ನೂ ಅದರ ಮೇಲೊಂದು ಮುದ್ರೆಯನ್ನೂ ಪಡೆದು ಹೋಗುತ್ತಿದ್ದರು. ಯಾತ್ರಿಕನ ಸರದಿ ಬಂದಾಗ ಅಧಿಕಾರಿಯು ಪಾಸ್‌ಪೋರ್ಟನ್ನು ಮುಟ್ಟದೆಯೇ, ಭಾರತೀಯರಿಗೆ ಮುದ್ರೆ ಬೇಕಿಲ್ಲ, ಹೋಗಬಹುದು ಎಂದು ಸೌಜನ್ಯದಿಂದ ಹೇಳಿದನು. ಬೇಕಿಲ್ಲವೆಂಬುದು ತನಗೂ ಗೊತ್ತು, ಆದರೆ ತನಗೆ ಬೇಕು ಎಂದು ಯಾತ್ರಿಕನು ನಿವೇದಿಸಿದನು. ಅಧಿಕಾರಿಯು ಏತಕ್ಕೆ ಎಂದು ಕೇಳಿದನು. ಈ ಪ್ರಶ್ನೆಗೆ ದೂರದರ್ಶನದ ರಾಮಾಯಣದಿಂದ ಕಲಿತ ಹಿಂದಿಯಲ್ಲಿ ಉತ್ತರಿಸುವುದು ಸುಲಭವಲ್ಲ. ಆದರೂ ಯಾತ್ರಿಕನು, ಹೇ ಮಹಾನುಭಾವ ಎಂಬ ಧಾಟಿಯಲ್ಲಿ ಆರಂಭಿಸಿ, ತನ್ನ ಗ್ರಾಮ, ಗ್ರಾಮದ ಬಸ್ ತಂಗುದಾಣ, ಅಲ್ಲಿನ ವೃದ್ಧಜನ ಇವುಗಳನ್ನು ಕ್ರಮವಾಗಿ ಬಣ್ಣಿಸಿದನು. ಸಾಲಿನಲ್ಲಿ ಹಿಂದೆ ನಿಂತವರು ಕಾಲು ಬದಲಾಯಿಸಿದರು. ಅಧಿಕಾರಿಯು ಆಗ ಪಾಸ್‌ಪೋರ್ಟನ್ನು ಎತ್ತಿಕೊಂಡು, ಒಂದೂ ಕಲೆಯಿಲ್ಲದ ಅದರ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ರೋಗಿಯ ಮನೆಯವರನ್ನು ಹೊರಗೆ ಕರೆದು ಮಾತನಾಡುವ ವೈದ್ಯನಂತೆ ಮುಖ ಮಾಡಿ, ನಿಯಮವಿಲ್ಲ ಎಂದನು. ನಿಯಮವಿಲ್ಲವೆಂಬುದನ್ನೇ ಬರೆದು ಅದರ ಕೆಳಗೆ ಮುದ್ರೆ ಒತ್ತಬಹುದೇ ಎಂದು ಯಾತ್ರಿಕನು ಕೇಳಿದನು. ಆಗದು. ಮತದಾರರ ಚೀಟಿಯ ಜೆರಾಕ್ಸ್ ಮೇಲೆ? ಆಗದು. ಮೂವತ್ತು ಡಾಲರ್ ಕೊಟ್ಟರೆ? ಭಾರತೀಯರಿಂದ ಹಣ ತೆಗೆದುಕೊಳ್ಳುವ ನಿಯಮವೂ ಇಲ್ಲ. ಪ್ರಪಂಚದಲ್ಲಿ ದುಡ್ಡು ಕೊಟ್ಟವನಿಗೆ ಮಾತ್ರ ಪುರಾವೆ ಸಿಗುತ್ತದೆ, ಪುಕ್ಕಟೆ ಬಂದವನು ಬಂದೇ ಇಲ್ಲವೆಂದು ಲೆಕ್ಕ ಎಂಬ ಕಹಿಸತ್ಯ ಯಾತ್ರಿಕನಿಗೆ ಹೊಳೆದದ್ದು ಈ ಕಿಟಕಿಯ ಮುಂದೆಯೇ. ಆಮೇಲೆ ಹಣ ಬದಲಾಯಿಸುವ ಅಂಗಡಿಯವನು ರಸೀದಿಯ ಮೇಲೆ ದುಂಡಗಿನ ನೇರಳೆ ಮುದ್ರೆಯೊಂದನ್ನು ಒತ್ತಿದಾಗ, ಅದನ್ನೇ ಪಾಸ್‌ಪೋರ್ಟಿನ ಕೊನೆಯ ಪುಟದ ಮೇಲೂ ಒಂದು ಒತ್ತು ಮಾರಾಯ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ನಿಜ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತೆಂದು ಅದರಲ್ಲಿಯೇ ಅಚ್ಚಾಗಿರುವುದು ಕಣ್ಣಿಗೆ ಬಿದ್ದು ಸುಮ್ಮನಾದನು.

ಕಾಠ್ಮಂಡುವಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ನೇಪಾಳಿ ಯುವಕನು ಇವನ ಫೋನಿನ ಮಾತನ್ನು ಕೇಳಿಸಿಕೊಂಡು, “ಎಲ್ಲಿಗ್ ಹೊರ್ಟದ್ದ್?” ಎಂದು ಅಚ್ಚ ಕುಂದಾಪ್ರ ಕನ್ನಡದಲ್ಲಿ ಕೇಳಿದನು. ಕರಾವಳಿಯ ಹೋಟೆಲುಗಳ ಅಡುಗೆಮನೆಗಳಲ್ಲಿ ನೇಪಾಳದವರು ದುಡಿಯುವುದು ಹೊಸ ಸಂಗತಿಯಲ್ಲ. ಆ ಯುವಕನು ಕೆಲವು ವರ್ಷ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ನೀರುದೋಸೆ ಎರೆದವನು, ತಲ್ಲೂರಿನ ತಿರುವನ್ನೂ ಬಲ್ಲವನು. ಯಾತ್ರಿಕನು ಹಿಗ್ಗಿ, ತಾನು ಎಷ್ಟು ಅಗ್ಗವಾಗಿ ವಿದೇಶಕ್ಕೆ ಬಂದೆನೆಂಬುದನ್ನು ಚಹಾ ಸಹಿತ ಲೆಕ್ಕ ಬರೆದ ಪುಸ್ತಕ ತೆರೆದು ತೋರಿಸಿದನು. ಯುವಕನು ಮೊತ್ತವನ್ನು ನೋಡಿ, ಜನರಲ್ ಬೋಗಿಯಲ್ಲಿ ಇದಕ್ಕಿಂತ ಕಡಿಮೆಗೆ ಆಗುತ್ತದೆ ಎಂದನು. ತಂದೆ ತೀರಿಕೊಂಡ ಸುದ್ದಿ ಬಂದಾಗ ಟಿಕೆಟ್ ಸಿಗದೆ, ಮುಂಬಯಿಯಿಂದ ಗೋರಖಪುರದವರೆಗೆ ಬಾಗಿಲ ಬಳಿ ನಿಂತೇ ಬಂದೆನೆಂದೂ, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದೂ, ಅದೇ ಧ್ವನಿಯಲ್ಲಿ ಹೇಳಿದನು. ಅವನಿಗೆ ವಿದೇಶವೆಂದರೆ ತಲ್ಲೂರು. ಆ ವಿದೇಶಕ್ಕೆ ಅವನು ನೋಡಲು ಹೋದವನಲ್ಲ; ಹೆದ್ದಾರಿಯಲ್ಲಿ ಅರ್ಧ ಗಂಟೆ ದೂರದ ಮರವಂತೆಯ ಕಡಲನ್ನು ಬಸ್ಸಿನ ಕಿಟಕಿಯಿಂದ ಕಂಡದ್ದೇ ಅವನ ಪ್ರವಾಸ. ಯಾತ್ರಿಕನು ಲೆಕ್ಕದ ಪುಸ್ತಕವನ್ನು ಮಡಚಿ ಚೀಲಕ್ಕೆ ಹಾಕಿದನು. ಬುಟವಲ್‌ನಲ್ಲಿ ಯುವಕನು ಇಳಿಯುವಾಗ ಇವನ ಚಹಾದ ದುಡ್ಡನ್ನೂ ಕೊಟ್ಟು ಹೋದನು. ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಾಠ್ಮಂಡುವಿನ ವರ್ಣನೆ ಎಲ್ಲ ಪುಸ್ತಕಗಳಲ್ಲಿಯೂ ಸಿಗುವುದರಿಂದ ಇಲ್ಲಿ ಬೆಳೆಸಬೇಕಿಲ್ಲ. ಹಾಸ್ಟೆಲು, ಎಂದರೆ ಒಂದೇ ಕೋಣೆಯಲ್ಲಿ ಅಪರಿಚಿತರು ಅಟ್ಟಣಿಗೆಯ ಮಂಚಗಳ ಮೇಲೆ ಮಲಗಿ ಪರಸ್ಪರರ ಗೊರಕೆಯನ್ನು ಸಹಿಸಿಕೊಳ್ಳುವ ಛತ್ರ, ಅಗ್ಗವಾಗಿತ್ತು. ಪಶುಪತಿನಾಥನ ಪೂಜೆಯನ್ನು ಕರ್ನಾಟಕದಿಂದ ಹೋದ ಭಟ್ಟರು ಮಾಡಿಕೊಂಡು ಬರುವ ಪದ್ಧತಿ ಹಳೆಯದು. 2008ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಅದನ್ನು ಬದಲಾಯಿಸಲು ಹೊರಟು, ಗಲಾಟೆಯಾಗಿ ಮರುವರ್ಷ ಹಿಂದೆ ಸರಿದದ್ದುಂಟು. ಅಷ್ಟು ದೂರ ಹೋಗಿ, ಪರದೇಶದ ಗರ್ಭಗುಡಿಯ ಮುಂದೆ, ಯಾವೂರು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಎದುರಿಸಬೇಕಾಗಬಹುದೆಂಬ ಆತಂಕದಿಂದ ಯಾತ್ರಿಕನು ಪ್ರಸಾದ ತೆಗೆದುಕೊಂಡು ಬೇಗನೆ ಹೊರಬಿದ್ದನು.

ಸದ್ಯ ಅವನ ಅಧ್ಯಯನ ಭೂತಾನದ ಕಡೆಗೆ ತಿರುಗಿದೆ. ಭಾರತೀಯರಿಂದ ಅಲ್ಲಿ ಸುಸ್ಥಿರ ಅಭಿವೃದ್ಧಿ ಶುಲ್ಕ, ಎಂದರೆ ಬಂದವರ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿಡುವ ಶುಲ್ಕ, ರಾತ್ರಿಯೊಂದಕ್ಕೆ 1200 ರೂಪಾಯಿಯಂತೆ ವಸೂಲಾಗುತ್ತದೆ. ಲೆಕ್ಕ ರಾತ್ರಿಗೆ ಮಾತ್ರ ಎಂಬ ಅಂಶವನ್ನು ಯಾತ್ರಿಕನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡು, ಪಶ್ಚಿಮ ಬಂಗಾಳದ ಜೈಗಾಂವ್‌ನಿಂದ ಬೆಳಿಗ್ಗೆ ಫುಂಟ್‌ಶೋಲಿಂಗ್‌ಗೆ ನುಗ್ಗಿ ಕತ್ತಲಾಗುವ ಮುನ್ನ ಈಚೆ ಬಂದುಬಿಡುವ ವಿಸ್ತೃತ ಯೋಜನೆಯೊಂದನ್ನು ಸಿದ್ಧಪಡಿಸಿದ್ದಾನೆ. ಅಲ್ಲಿ ಸೀಲು ಹೊಡೆಯುತ್ತಾರೋ ಎಂಬುದನ್ನು ಮೊದಲೇ ಫೋನ್ ಮಾಡಿ ವಿಚಾರಿಸಬೇಕೆಂದು ಮನೆಯಾಕೆ ಷರತ್ತು ಹಾಕಿದ್ದು, ಭೂತಾನಕ್ಕೆ ಹೋಗುವ ಕರೆಯ ದರವನ್ನು ತಿಳಿದುಕೊಂಡ ಮೇಲೆ ಯಾತ್ರಿಕನು ಕಾಗದ ಬರೆಯುವುದೇ ವಾಸಿ ಎಂಬ ನಿರ್ಧಾರಕ್ಕೆ ಬಂದಿದ್ದಾನೆ.