ಹಪ್ಪಳಕ್ಕೆ ಎಂತ ಹೆಸರಿಡುವುದು?

“ನಮ್ಮ ಸಂಘದ ಹಪ್ಪಳಕ್ಕೆ ‘ಬಂಟ್ವಾಳ ಹಪ್ಪಳ’ ಅಂತ ಹೆಸರಿಟ್ಟು ರಿಜಿಸ್ಟ್ರಿ ಮಾಡಿಸುವ ಅಂತ ಉಂಟು. ಆಗ್ತದಾ?” ಬೇಲಿಯಾಚೆಯಿಂದ ಅಕ್ಕ ಕೇಳಿದರು.

ಕಷ್ಟ ಅಕ್ಕ. ಊರಿನ ಹೆಸರೂ ಎಲ್ಲರದ್ದು, ಹಪ್ಪಳ ಎಂಬ ಹೆಸರೂ ಎಲ್ಲರದ್ದು. ನಾಳೆ ವಿಟ್ಲದವರು, ಪಾಣೆಮಂಗಳೂರಿನವರು ಹಪ್ಪಳ ಮಾಡಿದರೆ ಅವರೂ ಬಂಟ್ವಾಳದವರೇ ಅಲ್ವಾ? 1999ರ ಟ್ರೇಡ್ ಮಾರ್ಕ್ ಕಾಯಿದೆಯ 9ನೇ ಸೆಕ್ಷನ್ ತಡೆಯುವುದು ಇದನ್ನೇ. ಆ ಹೆಸರು ಹೇಳಿದ ಕೂಡಲೇ ಜನರಿಗೆ ನಿಮ್ಮ ಕಟ್ಟೇ ನೆನಪಾಗುವಷ್ಟು ಕಾಲ ಮಾರಿದ್ದರೆ ಮಾತು ಬೇರೆ. ಬೆಳ್ತಂಗಡಿ ಕಡೆಯ ಹೆಂಗಸರು ಮಾಡಿದ ಸಾಮಾನು ‘ಸಿರಿ’ ಅಂತ ಪೇಟೆಗೆ ಬರುವುದು ನೋಡಿದ್ದೀರಲ್ಲ, ಎರಡೇ ಅಕ್ಷರ. ಮಾಲು ಯಾವುದು ಅಂತ ಹೇಳದ ಹೆಸರೇ ಗಟ್ಟಿ.

“ದೇವರ ಹೆಸರಾದರೆ?”

ಇಡಬಹುದು. ಆದರೆ ಅದು ನಿಮಗೊಬ್ಬರಿಗೇ ಅಂತ ಉಳಿಯುವುದು ಕಷ್ಟ, ನಂದಿನಿ ಹಾಲಿನ ಕಥೆ ಕೇಳಿ. ಕರ್ನಾಟಕ ಹಾಲು ಮಹಾಮಂಡಳಿ, ಅಂದರೆ ಕೆ.ಎಂ.ಎಫ್., ಆ ಹೆಸರು ಹಿಡಿದದ್ದು 1985ರಲ್ಲಿ. 1989ರಲ್ಲಿ ಬೆಂಗಳೂರಿನಲ್ಲಿ ನಂದಿನಿ ಡಿಲಕ್ಸ್ ಹೋಟೆಲಿನವರೂ ಅದೇ ಹೆಸರು ಇಟ್ಟುಕೊಂಡರು. ಅವರು ಮಾಂಸ, ಮೀನು, ಕಾಫಿ, ಚಹಾಕ್ಕೆಲ್ಲ ನೋಂದಣಿ ಕೇಳಿದಾಗ ಕೆ.ಎಂ.ಎಫ್. ಆಕ್ಷೇಪ ಹಾಕಿತು. ರಿಜಿಸ್ಟ್ರಾರ್ ಹೋಟೆಲಿನವರ ಪರ ಹೇಳಿದರು. ಮೇಲ್ಮನವಿ ಮಂಡಳಿಯೂ ಹೈಕೋರ್ಟೂ ಕೆ.ಎಂ.ಎಫ್. ಪರ ಹೇಳಿದವು. ಕಡೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟಿನಲ್ಲಿ ಹೋಟೆಲಿನವರೇ ಗೆದ್ದರು, ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು. ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸತಾಗಿ ಹುಟ್ಟಿಸಿದ್ದಲ್ಲ. ಮಾಲೂ ಬೇರೆ, ಚಿತ್ರ ನೋಡಿದರೆ ಕೆ.ಎಂ.ಎಫ್.ನದ್ದು ಹಸು, ಹೋಟೆಲಿನದ್ದು ದೀಪ. ನನಗೆ ಆ ತೀರ್ಪು ಸರಿ ಅಂತಲೇ ಕಾಣುವುದು. ನಮ್ಮ ಕಟೀಲಿನ ಹೊಳೆಯೂ ನಂದಿನಿಯೇ ಅಲ್ವಾ?

“ಅಷ್ಟು ಕೋರ್ಟು ಹತ್ತಲಿಕ್ಕೆ ಹೆಸರಿನಲ್ಲಿ ಎಂತ ಉಂಟು?”

ಬೀಡಿ ಕಟ್ಟಿದ ಊರಿನವರು ನೀವು ಹೀಗೆ ಕೇಳಬಾರದು. ಮಂಗಳೂರು ಗಣೇಶ್ ಬೀಡಿಯ ಪಾಲುದಾರಿಕೆ 1987ರಲ್ಲಿ ಮುಗಿಯಿತು. ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ವ್ಯಾಪಾರ ಮಾರಾಟಕ್ಕೆ ಬಂದು, 1994ರಲ್ಲಿ ಪಾಲುದಾರರಲ್ಲೇ ಮೂವರು ಅದನ್ನು 92 ಕೋಟಿ ರೂಪಾಯಿಗೆ ಕೊಂಡರು. ಎಲೆ, ಹೊಗೆಸೊಪ್ಪಿಗೆ ಯಾರಾದರೂ ಅಷ್ಟು ಕೊಡ್ತಾರಾ? ಆಮೇಲೆ ಆದಾಯ ತೆರಿಗೆಯ ತಕರಾರು ಎದ್ದಾಗ, ಟ್ರೇಡ್ ಮಾರ್ಕಿಗೂ ಯಂತ್ರಕ್ಕೆ ಕಳೆದ ಹಾಗೆ ಸವಕಳಿ ಕಳೆಯಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಮ್ಮ ಜಗಲಿಗಳಲ್ಲಿ ಹೆಂಗಸರು ಕಟ್ಟಿದ ಬೀಡಿಯಿಂದ ಬೆಳೆದ ಹೆಸರುಗಳು ಇವೆಲ್ಲ. ಹೆಸರು ಮಾತ್ರ ಕಟ್ಟಿದವರದ್ದಾಗಲಿಲ್ಲ ಎಂಬ ಸಂಕಟ ನನಗೆ ಯಾವತ್ತೂ ಉಂಟು. ಅದಕ್ಕೇ ಹೇಳುವುದು, ಹಪ್ಪಳದ ಹೆಸರು ಸಂಘದ ಹೆಸರಿನಲ್ಲೇ ಇರಲಿ.

ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಕರ್ನಾಟಕಕ್ಕೆ ಚೆನ್ನೈ ಕಚೇರಿ. ಸಣ್ಣ ಉದ್ಯಮ ಎಂಬ ದಾಖಲೆ ಇದ್ದರೆ ಒಂದು ವರ್ಗಕ್ಕೆ 4,500 ರೂಪಾಯಿ, ಇಲ್ಲದಿದ್ದರೆ 9,000. ಮಾಲು, ಸೇವೆಗಳಿಗೆ ಒಟ್ಟು 45 ವರ್ಗ, ಉದಾಹರಣೆಗೆ ಉಪ್ಪಿನಕಾಯಿ 29ರಲ್ಲಿ. ಹೆಸರು ಜರ್ನಲಿನಲ್ಲಿ ಬಂದ ಮೇಲೆ ಆಕ್ಷೇಪಕ್ಕೆ ನಾಲ್ಕು ತಿಂಗಳು. ನೋಂದಣಿ ಆದರೆ ಹತ್ತು ವರ್ಷ ಬರುತ್ತದೆ, ಮತ್ತೆ ನವೀಕರಿಸಬಹುದು. ನೋಂದಣಿ ಆಗುವ ಮೊದಲು ವೃತ್ತದೊಳಗಿನ ‘ಆರ್’ ಗುರುತು ಅಚ್ಚು ಹಾಕಿಸಬೇಡಿ, ಅದು ಕಾನೂನಿಗೆ ವಿರುದ್ಧ.

“ಇದಕ್ಕೆಲ್ಲ ವಕೀಲರೇ ಬೇಕಾ?”

ಬೇಕೆಂದಿಲ್ಲ. 21 ತುಂಬಿದ ಪದವೀಧರರು ಪರೀಕ್ಷೆ ಪಾಸಾದರೆ ಟ್ರೇಡ್ ಮಾರ್ಕ್ ಏಜೆಂಟ್ ಆಗಬಹುದು. ಮೂಡುಬಿದಿರೆಯಲ್ಲಿ ಪದವಿ ಮುಗಿಸುವ ನಮ್ಮ ಮಕ್ಕಳು ಈ ಕಾಯಿದೆ ಓದಬೇಕು. ಊರಿನ ಸಣ್ಣ ವ್ಯಾಪಾರಿಗೆ ಊರಲ್ಲೇ ಜನ ಸಿಗಬೇಕು.

ಮತ್ತೊಂದು ಅಕ್ಕ. ನಮ್ಮ ಕಾನೂನು ಮೊದಲು ಬಳಸಿದವರ ಕೈ ಬಿಡುವುದಿಲ್ಲ, ಆದರೆ ಬಳಸಿದ್ದಕ್ಕೆ ದಾಖಲೆ ಕೇಳ್ತದೆ. ಹೆಸರಿಟ್ಟು ಮಾರಿದ ಮೊದಲ ಕಟ್ಟಿನ ಬಿಲ್ಲು, ಲೇಬಲ್ ಅಚ್ಚು ಹಾಕಿಸಿದ ರಶೀದಿ, ಎರಡನ್ನೂ ತಾರೀಕು ಸಮೇತ ಜೋಪಾನವಾಗಿ ಇಡಿ.