ಸುಧಾರಣೆ ತಾಗದಂತೆ ಸರ್ಕಾರಿ ಆಸ್ಪತ್ರೆ ನಡೆಸುವುದು ಹೇಗೆ?

ಮೊದಲನೆಯದಾಗಿ, ಸುಧಾರಣೆಯನ್ನು ಎಂದೂ ವಿರೋಧಿಸಬೇಡಿ. ವಿರೋಧಿಸಿದವರ ಹೆಸರು ಪೇಪರಿನಲ್ಲಿ ಬರುತ್ತದೆ. ಹಾರ ಹಾಕಿ ಸ್ವಾಗತಿಸಿ. ಕಟ್ಟಡ ಏಳಲಿ, ಯಂತ್ರ ಬರಲಿ, ಟೇಪು ಕತ್ತರಿಸಲಿ. ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂರುವವರು ಮಾತ್ರ ಬಾರದಂತೆ ನೋಡಿಕೊಳ್ಳಿ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಿಮ್ಮ ಸುಪರ್ದಿಗೆ ಬಂದಿದ್ದರೆ ನಿಮ್ಮದು ಒಳ್ಳೆಯ ಜಾತಕ. ಅರ್ಧ ಕೆಲಸ ಘಟ್ಟವೇ ಮಾಡಿಟ್ಟಿದೆ. ಇವೆಲ್ಲ ಮೇಲೆ, ಜಿಲ್ಲಾ ಕೇಂದ್ರ ಕಾರವಾರ ಕೆಳಗೆ ಸಮುದ್ರದ ದಂಡೆಯಲ್ಲಿ. 2016ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಮುಂಡಗೋಡಿನವರು ಬಂದು ಕೇಳಿದರೆ ಅದರ ಫೋಟೋ ತೋರಿಸಿ. ಅವರು ಹೇಗೂ ಹುಬ್ಬಳ್ಳಿ ಬಸ್ಸು ಹತ್ತುವವರು.

ಯಾವುದನ್ನೇ ಆಗಲಿ ತಲೆಯೆಣಿಸಿ ಕೊಡಿ, ದಾರಿ ಅಳೆದು ಕೊಡಬೇಡಿ. ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡ ನಿಮ್ಮ ಕೈಯಲ್ಲಿದೆ. ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು ಜೋಯಿಡಾ, ಜನಸಂಖ್ಯೆ 50 ಸಾವಿರದ ಆಸುಪಾಸು. ಭಾಗಿಸಿ ನೋಡಿ, ಎರಡೂವರೆ ಕೇಂದ್ರ ಸಾಕು. ಅದಕ್ಕಿಂತ ಒಂದು ಹೆಚ್ಚಿದ್ದರೂ ಸರ್ಕಾರದ ಔದಾರ್ಯವೆಂದು ಭಾಷಣದಲ್ಲಿ ಸೇರಿಸಿ. ಕಾಡಿನ ನಡುವೆ ನಾಲ್ಕು ಮನೆಯ ಕುಣಬಿ ಕೇರಿಯಿಂದ ಟಾರು ರಸ್ತೆಗೆ ಎಷ್ಟು ಹೊತ್ತಿನ ನಡಿಗೆ ಎಂಬ ಕಾಲಂ ಯಾವ ನಮೂನೆಯಲ್ಲೂ ಬರದಿರಲಿ.

ಈಗ ಹುದ್ದೆಗಳ ವಿಚಾರ. ಇಲ್ಲಿ ಸ್ವಲ್ಪ ಕೈಚಳಕ ಬೇಕು. ಹುದ್ದೆ ರದ್ದು ಮಾಡಬೇಡಿ, ಗಲಾಟೆಯಾಗುತ್ತದೆ. ಖಾಲಿ ಇಡಿ, ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲವನ್ನೂ ಖಾಲಿ ಇಡುವುದು ಎಳಸುತನ. ಜೋಡಿ ಮುರಿಯುವುದನ್ನು ಕಲಿಯಿರಿ. ಹೆರಿಗೆ ತಜ್ಞರನ್ನು ಕೊಟ್ಟರೆ ಅರಿವಳಿಕೆ ತಜ್ಞರನ್ನು ವಾರಕ್ಕೆ ಮೂರು ದಿನ ಬೇರೆಡೆ ನಿಯೋಜಿಸಿ. ಇಬ್ಬರೂ ಉಳಿದುಬಿಟ್ಟರೆ ಗಾಬರಿ ಬೇಡ, ಮಕ್ಕಳ ತಜ್ಞರಿದ್ದಾರಲ್ಲ, ಅವರನ್ನು ವರ್ಗ ಮಾಡಿ. ಸ್ಕ್ಯಾನಿಂಗ್ ಯಂತ್ರಕ್ಕೆ ಒಳ್ಳೆಯ ಹೊದಿಕೆ ಹೊಲಿಸಿ, ಕೋಣೆಯ ಬೀಗದ ಕೈ ರಜೆಯಲ್ಲಿರುವವರ ಬಳಿ ಇರಲಿ. 2012ರ ಕಾಯ್ದೆಯಡಿ ಗ್ರಾಮೀಣ ಸೇವೆಗೆ ಬರುವ ಹುಡುಗ ಡಾಕ್ಟರರನ್ನು ಅಕ್ಕರೆಯಿಂದ ನೋಡಿಕೊಳ್ಳಿ. ಉಳವಿಯ ದಾರಿ, ದಿಗ್ಗಿಯ ಜನರ ಕೊಂಕಣಿ, ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂಬುದೆಲ್ಲ ಅವರಿಗೆ ತಿಳಿಯುವ ಹೊತ್ತಿಗೆ ವರ್ಷ ತುಂಬುತ್ತದೆ. ಶಾಲು ಹೊದಿಸಿ ಕಳಿಸಿ.

ರೆಫರ್ ಮಾಡುವುದನ್ನು ಕಲಿಯದವನು ಈ ವೃತ್ತಿಗೆ ಬರಬಾರದು. ‘ಮುಂದೆ ಒಯ್ಯಿರಿ’ ಎಂಬ ಎರಡೇ ಪದ ಸಾಕು. ಜೋಯಿಡಾದವರು ದಾಂಡೇಲಿಗೆ, ದಾಂಡೇಲಿಯವರು ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ. ದಾರಿಯಲ್ಲಿ ಏನಾದರೂ ಆದರೆ ಅದು ರಸ್ತೆಯ ಲೆಕ್ಕ, ನಿಮ್ಮ ರಿಜಿಸ್ಟರಿನದ್ದಲ್ಲ. 108 ಆಂಬುಲೆನ್ಸ್ 2008ರಿಂದ ಇದೆ. ಕರೆ ಮಾಡಲು ಸಿಗ್ನಲ್ ಬೇಕಲ್ಲ, ಗುಡ್ಡ ಹತ್ತಲು ಹೇಳಿ. ಗಾಡಿ ಟಾರು ರಸ್ತೆಯವರೆಗೆ ಬಂದರೆ ಸಾಕು, ಅಲ್ಲಿಯವರೆಗೆ ಕಂಬಳಿ ಜೋಳಿಗೆ ಹೊರಲು ಊರಲ್ಲಿ ಹೆಗಲುಗಳಿವೆ. ಯಾಕೆ ರಸ್ತೆಯಿಲ್ಲ ಎಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದತ್ತ ಬೆರಳು ತೋರಿಸಿ. ಅರಣ್ಯ ಇಲಾಖೆ ಲೋಕೋಪಯೋಗಿಯತ್ತ ತೋರಿಸುತ್ತದೆ. ಹುಲಿ ಹೇಳಿಕೆ ಕೊಡುವುದಿಲ್ಲ.

ಗುರುಗಳೂ ಇದ್ದಾರೆ, ಅವರಿಂದ ಕಲಿಯಿರಿ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಎಂದು ಜಗತ್ತು 1978ರಲ್ಲಿ ಘೋಷಿಸಿದ್ದು ಸೋವಿಯತ್ ಒಕ್ಕೂಟದ ಅಲ್ಮಾ ಆಟಾದಲ್ಲಿ. ಅದೇ ಒಕ್ಕೂಟದಲ್ಲಿ ಆಸ್ಪತ್ರೆಗೆ ಹಣ ಬರುತ್ತಿದ್ದದ್ದು ಹಾಸಿಗೆ ಎಣಿಸಿ. ಹಾಗಾಗಿ ಹಾಸಿಗೆಗಳು ಹೆಚ್ಚಿದವು, ರೋಗಿಗಳನ್ನು ವಾರಗಟ್ಟಲೆ ಮಲಗಿಸಿಕೊಂಡರು. 1991ರಲ್ಲಿ ಒಕ್ಕೂಟ ಮುಳುಗಿತು, ಹಾಸಿಗೆ ಎಣಿಸುವ ಚಾಳಿ ಮಾತ್ರ ಎಷ್ಟೋ ಕಡೆ ವರ್ಷಗಟ್ಟಲೆ ತೇಲುತ್ತಲೇ ಇತ್ತು. ನೀವು ಕಟ್ಟಡ ಎಣಿಸಿ. ಹಾಸಿಗೆಗಿಂತ ಫೋಟೋ ಚೆನ್ನಾಗಿ ಬರುತ್ತದೆ.

ಡಿಜಿಟಲ್ ಮಾಡಿ ಎಂದರೆ ತಕ್ಷಣ ಒಪ್ಪಿ. ಹಳೆಯ ರಿಜಿಸ್ಟರ್ ಒಂದನ್ನೂ ಬಿಡಬೇಡಿ. ಆಶಾ ಕಾರ್ಯಕರ್ತೆ ಹಗಲು ಪುಸ್ತಕದಲ್ಲಿ ಬರೆದು ರಾತ್ರಿ ಅದನ್ನೇ ಮೊಬೈಲಿಗೆ ತುಂಬಲಿ. ಬಾಣಂತಿಯ ಮನೆಗೆ ಹೋಗಲು ಅವರಿಗೆ ಪುರುಸೊತ್ತಾಗದಿದ್ದರೆ ಕಾರಣ ಕೇಳಿ ನೋಟಿಸು ಕೊಡಿ.

ಹೋಲಿಕೆಗೆ ಆಸ್ಪದ ಕೊಡಬೇಡಿ. 1966ರಿಂದ ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟನ್ ನಿರಾಶ್ರಿತರು ತಮ್ಮದೇ ಆಸ್ಪತ್ರೆ ನಡೆಸುತ್ತಿದ್ದಾರೆ. ಅತಿಥಿಗಳ ಕಾರು ಆ ಕಡೆ ತಿರುಗದಿರಲಿ. ದಾಂಡೇಲಿಯಲ್ಲಿ ಕಾಗದದ ಗಿರಣಿಯ ಕಾರ್ಮಿಕನಿಗೆ ಇಎಸ್‌ಐ ಇದೆ. ಗಿರಣಿಗೆ ಬಿದಿರು ಕಡಿದವನ ಮಗನಿಗೆ ಹೊರಗಿನ ಮೆಡಿಕಲ್ ಶಾಪಿನ ಚೀಟಿ ಇದೆ. ಇಬ್ಬರನ್ನೂ ಒಂದೇ ಸಭೆಗೆ ಕರೆಯಬೇಡಿ.

ಯಾವಾಗಲಾದರೂ ಜನ ರೊಚ್ಚಿಗೇಳುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪ್ಪಳಿಸಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. ಅಂಥ ಹೊತ್ತಿನಲ್ಲಿ ಇಲ್ಲ ಎನ್ನಬೇಡಿ. ಎಲ್ಲಿ ಎಂದು ಕೇಳಿ. ಕುಮಟಾವೋ, ಕಾರವಾರವೋ, ಶಿರಸಿಯೋ ಎಂದು ಒಮ್ಮೆ ಎಸೆದರೆ ಸಾಕು, ಕರಾವಳಿಯವರೂ ಘಟ್ಟದವರೂ ಪರಸ್ಪರ ನೋಡಿಕೊಳ್ಳುತ್ತಾರೆ. ಜಾಗ ಪರಿಶೀಲನೆಗೆ ಸಮಿತಿ ಮಾಡಿ. ಅದರಲ್ಲಿ ಜೋಯಿಡಾದವರೊಬ್ಬರನ್ನು ಅವಶ್ಯ ಸೇರಿಸಿ, ಇಲ್ಲದಿದ್ದರೆ ಕಡೆಗಣಿಸಿದಿರಿ ಎನ್ನುತ್ತಾರೆ. ಸಭೆಯನ್ನು ಜುಲೈನಲ್ಲಿ, ಕಾರವಾರದಲ್ಲಿ, ಬೆಳಿಗ್ಗೆ ಹತ್ತಕ್ಕೆ ಕರೆಯಿರಿ. ಅಣಶಿ ಘಟ್ಟದಲ್ಲಿ ಗುಡ್ಡ ಜರಿದಿದ್ದರೆ ನಡಾವಳಿಯಲ್ಲಿ ‘ಜೋಯಿಡಾ ಸದಸ್ಯರು ಗೈರು’ ಎಂದು ಬರೆಸಿ, ಮುಂದಿನ ವಿಷಯ ಎತ್ತಿಕೊಳ್ಳಿ.